ಸಾಲಿಗೆ ಹನ್ನೊಂದು ಅಲೊಕೇಶನ್: ರಸ್ಟ್‌ನಲ್ಲಿ ಸ್ಟ್ರಿಂಗ್ ಕೆಲಸವನ್ನು ಹಗುರ ಮಾಡುವ ಬಗೆ

ಸರ್ವರ್‌ನ ಲಾಗ್ ಕಡತಗಳನ್ನು ಓದಿ, ಯಾವ ಸೇವೆಯಿಂದ ಎಷ್ಟು ಬೈಟ್ ಹೊರಗೆ ಹೋಗಿದೆ ಎಂದು ಕೂಡಿಸಿ ಹೇಳುವ ಸಣ್ಣ ಪ್ರೋಗ್ರಾಂ ಒಂದನ್ನು ನಾನು ರಸ್ಟ್ ಭಾಷೆಯಲ್ಲಿ ಬರೆದಿದ್ದೇನೆ. ಲಾಗ್‌ನ ಪ್ರತಿ ಸಾಲಿನಲ್ಲೂ ಆರು ಅಂಕಣ, ನಡುವೆ ಟ್ಯಾಬ್: ಸಮಯ, ಮಟ್ಟ, ಸೇವೆಯ ಹೆಸರು, ವಿಳಾಸ, ಸ್ಟೇಟಸ್ ಸಂಖ್ಯೆ, ಬೈಟ್‌ಗಳ ಸಂಖ್ಯೆ. ಮೊದಲ ಸಲ ಕೈಗೆ ಬಂದ ಹಾಗೆ ಬರೆದೆ. ಉತ್ತರ ಸರಿಯಾಗಿಯೇ ಬರುತ್ತಿತ್ತು. ಆದರೆ ಪ್ರೊಫೈಲರ್ (ಸಮಯ ಎಲ್ಲಿ ಹೋಗುತ್ತಿದೆ ಎಂದು ತೋರಿಸುವ ಸಾಧನ) ಹಾಕಿ ನೋಡಿದರೆ ಸಮಯದ ದೊಡ್ಡ ಪಾಲು ನಾನು ಬರೆದ ಲೆಕ್ಕಾಚಾರದಲ್ಲಿ ಇರಲೇ ಇಲ್ಲ. ಹೀಪ್‌ನಿಂದ, ಅಂದರೆ ಪ್ರೋಗ್ರಾಂ ಓಡುವಾಗ ಕೇಳಿ ಪಡೆಯುವ ಮೆಮೊರಿಯ ಭಾಗದಿಂದ, ಜಾಗ ಕೇಳುವುದಕ್ಕೆ (ಇದೇ ಅಲೊಕೇಶನ್) ಮತ್ತು ಕೇಳಿದ್ದನ್ನು ಹಿಂದಿರುಗಿಸುವುದಕ್ಕೆ ಹೋಗುತ್ತಿತ್ತು.

ಅದನ್ನು ತಿದ್ದುತ್ತಾ ನನಗೆ ಮನದಟ್ಟಾದದ್ದು ಒಂದೇ ಸಂಗತಿ. ಸ್ಟ್ರಿಂಗ್‌ಗಳೊಂದಿಗೆ, ಅಂದರೆ ಪಠ್ಯದ ತುಣುಕುಗಳೊಂದಿಗೆ, ನಾವು ಮಾಡುವುದು ಬಹುಪಾಲು ನೋಡುವ ಕೆಲಸ. ಬೇಕಾದ ಬೈಟ್‌ಗಳು ಆಗಲೇ ಮೆಮೊರಿಯಲ್ಲಿ ಕುಳಿತಿರುತ್ತವೆ. ಅವು ಎಲ್ಲಿ ಶುರುವಾಗುತ್ತವೆ, ಎಷ್ಟು ಉದ್ದ ಇವೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕಾಗುವ ಕಡೆಯಲ್ಲೆಲ್ಲ ನಾವು ನಕಲು ಮಾಡುತ್ತಾ ಹೋಗುತ್ತೇವೆ. ಆ ನಕಲುಗಳನ್ನು ಒಂದೊಂದಾಗಿ ಹೇಗೆ ತೆಗೆಯಬೇಕು ಎಂಬುದನ್ನು ನನ್ನ ಪ್ರೋಗ್ರಾಂನ ದಾರಿಯಲ್ಲೇ ಹೇಳುತ್ತೇನೆ.

ಮೊದಲು ಎಣಿಸಿ

ಗಡಿಯಾರಕ್ಕಿಂತ ಮೊದಲು ಅಲೊಕೇಶನ್‌ಗಳ ಲೆಕ್ಕ ಇಡಿ. ಗಡಿಯಾರದ ಅಂಕಿ ಯಂತ್ರದಿಂದ ಯಂತ್ರಕ್ಕೆ, ಒಂದು ಓಟದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಅದೇ ಪ್ರೋಗ್ರಾಂಗೆ ಅದೇ ಕಡತ ಕೊಟ್ಟರೆ ಅಲೊಕೇಶನ್ ಸಂಖ್ಯೆ ಬಹುಮಟ್ಟಿಗೆ ಅಷ್ಟೇ ಇರುತ್ತದೆ. ರಸ್ಟ್‌ನಲ್ಲಿ ಎಣಿಸುವುದು ಕಷ್ಟವಲ್ಲ. ‘ಗ್ಲೋಬಲ್ ಅಲಾಕ್’ ಎಂಬ ಟ್ರೇಟ್ (ಒಂದು ಟೈಪ್ ಯಾವ ಫಂಕ್ಷನ್‌ಗಳನ್ನು ಕೊಡಬೇಕು ಎಂಬ ಒಪ್ಪಂದ) ಇದೆ. ಖಾಲಿ ಸ್ಟ್ರಕ್ಟ್ (ಹಲವು ಮೌಲ್ಯಗಳನ್ನು ಒಟ್ಟಿಗೆ ಇಡುವ ಟೈಪ್) ಒಂದಕ್ಕೆ ಅದನ್ನು ಅಳವಡಿಸಿ, ಪ್ರತಿ ಕರೆಯಲ್ಲೂ ಒಂದು ಅಟಾಮಿಕ್ ಎಣಿಕೆಯನ್ನು (ಹಲವು ಕಡೆಯಿಂದ ಒಟ್ಟಿಗೆ ಏರಿಸಿದರೂ ತಪ್ಪದ ಎಣಿಕೆ) ಏರಿಸಿ, ನಿಜವಾದ ಕೆಲಸವನ್ನು ವ್ಯವಸ್ಥೆಯ ಅಲೊಕೇಟರ್‌ಗೆ ದಾಟಿಸಿದರೆ ಆಯಿತು. ಇಪ್ಪತ್ತು, ಇಪ್ಪತ್ತೈದು ಸಾಲಿನ ಕೋಡ್.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ‘ಅಲಾಕ್’ (ಜಾಗ ಕೇಳುವುದು) ಮತ್ತು ‘ಡಿಅಲಾಕ್’ (ಜಾಗ ಬಿಡುವುದು) ಎರಡನ್ನು ಬರೆದರೆ ಕಂಪೈಲರ್ ಒಪ್ಪುತ್ತದೆ. ಆದರೆ ‘ರಿಅಲಾಕ್’ (ಇದ್ದ ಜಾಗದ ಅಳತೆ ಬದಲಿಸುವುದು) ಬರೆಯದಿದ್ದರೆ ಅದರ ಪೂರ್ವನಿಯೋಜಿತ ರೂಪ ಜಾರಿಗೆ ಬರುತ್ತದೆ: ಹೊಸ ಜಾಗ ಕೇಳು, ಹಳೆಯದನ್ನು ನಕಲಿಸು, ಹಳೆಯದನ್ನು ಬಿಡು. ಇದ್ದ ಜಾಗದಲ್ಲೇ ಬೆಳೆಯುವ ಅವಕಾಶ ತಪ್ಪಿಹೋಗಿ, ಅಳೆಯಲು ಇಟ್ಟ ಸಾಧನವೇ ಅಳತೆಯನ್ನು ಕೆಡಿಸುತ್ತದೆ. ಆದ್ದರಿಂದ ಮೂರನ್ನೂ ಬರೆಯಿರಿ. ಎರಡನೆಯದಾಗಿ, ಎಣಿಸುವ ಕೋಡ್‌ನ ಒಳಗಿನಿಂದ ಏನನ್ನೂ ಮುದ್ರಿಸಬೇಡಿ. ಮುದ್ರಣಕ್ಕೆ ಬಫರ್ (ತಾತ್ಕಾಲಿಕವಾಗಿ ತುಂಬಿಡುವ ಜಾಗ) ಬೇಕು, ಬಫರ್‌ಗೆ ಅಲೊಕೇಶನ್ ಬೇಕು, ಅದು ಮತ್ತೆ ನಿಮ್ಮ ಕೋಡ್‌ಗೇ ಬಂದು ನಿಲ್ಲುತ್ತದೆ.

ಎಣಿಕೆ ಹಾಕಿದಾಗ ನನ್ನ ಮೊದಲ ಆವೃತ್ತಿ ಸಾಲಿಗೆ ಹನ್ನೊಂದು ಅಲೊಕೇಶನ್ ತೋರಿಸಿತು. ಎಲ್ಲಿಂದ ಬಂದವು ಎಂದು ಬೆರಳು ಮಡಿಚಿ ನೋಡೋಣ. ‘ಲೈನ್ಸ್’ ಇಟರೇಟರ್ (ಒಂದೊಂದಾಗಿ ಕೊಡುತ್ತಾ ಹೋಗುವ ಸಾಧನ) ಪ್ರತಿ ಸಾಲಿಗೂ ಹೊಸ ಸ್ಟ್ರಿಂಗ್ ಕೊಡುತ್ತದೆ: ಒಂದು. ‘ಸ್ಪ್ಲಿಟ್’ ಮಾಡಿದ್ದನ್ನು, ಅಂದರೆ ಟ್ಯಾಬ್ ಸಿಕ್ಕಲ್ಲೆಲ್ಲ ತುಂಡರಿಸಿದ್ದನ್ನು, ‘ಕಲೆಕ್ಟ್’ ಮೂಲಕ ವೆಕ್ಟರ್‌ಗೆ (ಬೆಳೆಯಬಲ್ಲ ಪಟ್ಟಿಗೆ) ತುಂಬಿದ್ದೆ. ಎಷ್ಟು ತುಂಡು ಬರುತ್ತದೆ ಎಂದು ಸ್ಪ್ಲಿಟ್‌ಗೆ ಮೊದಲೇ ತಿಳಿಯದು. ಹಾಗಾಗಿ ವೆಕ್ಟರ್ ನಾಲ್ಕು ಸ್ಥಾನದೊಂದಿಗೆ ಶುರುವಾಗಿ, ಐದನೆಯ ತುಂಡು ಬಂದಾಗ ಎಂಟಕ್ಕೆ ಬೆಳೆಯುತ್ತದೆ: ಎರಡು. ಆರು ಅಂಕಣಗಳಿಗೂ ‘ಟು ಸ್ಟ್ರಿಂಗ್’, ಅಂದರೆ ಹೊಸ ಸ್ಟ್ರಿಂಗ್ ಆಗಿ ನಕಲು: ಆರು. ಸೇವೆಯ ಹೆಸರನ್ನು ಸಣ್ಣಕ್ಷರ ಮಾಡಿದ್ದು ಒಂದು. ಹೆಸರನ್ನೂ ಸ್ಟೇಟಸ್ ಸಂಖ್ಯೆಯನ್ನೂ ಜೋಡಿಸಿ ಹ್ಯಾಶ್ ಮ್ಯಾಪ್‌ನ (ಕೀ ಕೊಟ್ಟರೆ ಅದರ ಮೌಲ್ಯ ಕೊಡುವ ಕೋಷ್ಟಕದ) ಕೀ ಮಾಡಲು ‘ಫಾರ್ಮ್ಯಾಟ್’ ಕರೆದದ್ದು ಇನ್ನೊಂದು. ಕಡತದಲ್ಲಿ ಹತ್ತು ಲಕ್ಷ ಸಾಲುಗಳಿದ್ದರೆ ಒಂದು ಕೋಟಿ ಹತ್ತು ಲಕ್ಷ ಸಲ ಹೀಪ್‌ನ ಬಾಗಿಲು ತಟ್ಟಿದಂತಾಯಿತು. ಮ್ಯಾಪ್‌ನಲ್ಲಿ ಕೊನೆಗೆ ಉಳಿದ ಕೀಗಳಾದರೋ ನೂರನ್ನೂ ದಾಟಿರಲಿಲ್ಲ.

ಸ್ಟ್ರಿಂಗ್ ಎಂದರೆ ಏನು ಎಂಬುದನ್ನು ಕಣ್ಣಿಗೆ ಕಟ್ಟಿಕೊಳ್ಳಿ

64 ಬಿಟ್ ಯಂತ್ರದಲ್ಲಿ ರಸ್ಟ್‌ನ ‘ಸ್ಟ್ರಿಂಗ್’ 24 ಬೈಟ್‌ನದು. ಪಾಯಿಂಟರ್ (ಅಕ್ಷರಗಳಿರುವ ಮೆಮೊರಿ ವಿಳಾಸ), ಉದ್ದ, ಸಾಮರ್ಥ್ಯ, ತಲಾ 8. ಅಕ್ಷರಗಳು ಇರುವುದು ಅದರೊಳಗಲ್ಲ, ಹೀಪ್‌ನಲ್ಲಿ. ‘ಸ್ಟ್ರ್’ ಸ್ಲೈಸ್‌ನ ಉಲ್ಲೇಖ 16 ಬೈಟ್‌ನದು: ಪಾಯಿಂಟರ್ ಮತ್ತು ಉದ್ದ ಮಾತ್ರ. ಯಾರದೋ ಜಾಗದಲ್ಲಿ ಇಂತಲ್ಲಿಂದ ಇಷ್ಟು ಎಂದು ಬೆರಳು ತೋರಿಸುವುದಷ್ಟೇ ಅದರ ಕೆಲಸ, ಅದನ್ನು ಮಾಡಲು ಹೀಪ್ ಬೇಕಾಗಿಲ್ಲ. ‘ಸ್ಪ್ಲಿಟ್’, ‘ಟ್ರಿಮ್’, ‘ಸ್ಟ್ರಿಪ್ ಪ್ರಿಫಿಕ್ಸ್’, ‘ಸ್ಪ್ಲಿಟ್ ಒನ್ಸ್’ ಎಲ್ಲವೂ ಸ್ಲೈಸ್ ಕೊಡುತ್ತವೆ. ‘ರಿಪ್ಲೇಸ್’, ‘ಟು ಲೋವರ್‌ಕೇಸ್’, ‘ಫಾರ್ಮ್ಯಾಟ್’ ಹೊಸ ಸ್ಟ್ರಿಂಗ್ ಕೊಡುತ್ತವೆ. ಯಾವ ಫಂಕ್ಷನ್ ಯಾವ ಗುಂಪಿನದು ಎಂದು ತಿಳಿಯಲು ಅದು ಹಿಂದಿರುಗಿಸುವ ಟೈಪ್ ನೋಡಿದರೆ ಸಾಕು.

ಸಿ++ನಿಂದ ಬಂದವರಿಗೆ ಒಂದು ಮಾತು. ಅಲ್ಲಿನ ಗ್ರಂಥಾಲಯಗಳು ಸಣ್ಣ ಸ್ಟ್ರಿಂಗ್‌ಗಳನ್ನು ವಸ್ತುವಿನ ಒಳಗೇ ಇಡುತ್ತವೆ. ಜಿಸಿಸಿ ಕಂಪೈಲರ್ ಜೊತೆಗಿನ ಗ್ರಂಥಾಲಯದಲ್ಲಿ 15 ಬೈಟ್‌ವರೆಗೆ ಹೀಪ್‌ಗೆ ಹೋಗುವುದೇ ಇಲ್ಲ. ರಸ್ಟ್‌ನ ಸ್ಟ್ರಿಂಗ್‌ಗೆ ಆ ಸೌಲಭ್ಯವಿಲ್ಲ. ಒಂದೇ ಅಕ್ಷರವಿದ್ದರೂ ಹೀಪ್‌ಗೆ ಹೋಗುತ್ತದೆ. ಪೂರ್ತಿ ಖಾಲಿ ಇದ್ದರೆ ಮಾತ್ರ ಹೋಗುವುದಿಲ್ಲ.

ಬಫರ್ ಒಂದೇ ಇರಲಿ

ಲೂಪ್‌ನ ಹೊರಗೆ ಒಂದು ಬೈಟ್ ವೆಕ್ಟರ್ ಮಾಡಿಕೊಳ್ಳಿ. ಪ್ರತಿ ಸುತ್ತಿನ ಆರಂಭದಲ್ಲಿ ‘ಕ್ಲಿಯರ್’ ಮಾಡಿ, ‘ರೀಡ್ ಅಂಟಿಲ್’ ಮೂಲಕ ಹೊಸ ಸಾಲಿನ ಗುರುತು, ಅಂದರೆ 10 ಬೆಲೆಯ ಬೈಟ್, ಸಿಗುವವರೆಗೆ ಓದಿ. ‘ಕ್ಲಿಯರ್’ ಉದ್ದವನ್ನು ಸೊನ್ನೆ ಮಾಡುತ್ತದೆ, ಜಾಗವನ್ನು ಬಿಟ್ಟುಕೊಡುವುದಿಲ್ಲ. ಅತಿ ಉದ್ದದ ಸಾಲು ಬಂದುಹೋದ ಮೇಲೆ ಬಫರ್ ಮತ್ತೆ ಬೆಳೆಯಬೇಕಾಗಿಲ್ಲ. ಫಂಕ್ಷನ್ ಸೊನ್ನೆ ಹಿಂದಿರುಗಿಸಿದರೆ ಕಡತ ಮುಗಿದಿದೆ ಎಂದರ್ಥ.

ಆ ‘ಕ್ಲಿಯರ್’ ಅನ್ನು ನಾನು ಒಮ್ಮೆ ಮರೆತಿದ್ದೆ. ‘ರೀಡ್ ಅಂಟಿಲ್’ ಆಗಲಿ ‘ರೀಡ್ ಲೈನ್’ ಆಗಲಿ ಬಫರ್‌ನಲ್ಲಿ ಇದ್ದುದನ್ನು ಅಳಿಸುವುದಿಲ್ಲ, ಕೊನೆಗೆ ಸೇರಿಸುತ್ತವೆ. ಬಫರ್ ಸಾಲು ಸಾಲಾಗಿ ಉಬ್ಬಿತು. ಪ್ರತಿ ಸುತ್ತಿನಲ್ಲೂ ಅಲ್ಲಿಯವರೆಗಿನ ಇಡೀ ಪಠ್ಯವನ್ನು ಮತ್ತೆ ತುಂಡರಿಸುತ್ತಿತ್ತು. ಪರೀಕ್ಷೆಗೆ ಇಟ್ಟಿದ್ದ ಕಡತದಲ್ಲಿ ಒಂದೇ ಸಾಲು ಇದ್ದುದರಿಂದ ಪರೀಕ್ಷೆ ಪಾಸಾಗಿತ್ತು. ಅಂದಿನಿಂದ ನನ್ನ ಪರೀಕ್ಷಾ ಕಡತಗಳಲ್ಲಿ ಕನಿಷ್ಠ ಮೂರು ಸಾಲು, ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಹಳೆಯ ಸಾಲಿನ ಬಾಲ ಹೊಸದಕ್ಕೆ ಅಂಟಿಕೊಂಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಸಾಲಿನ ಕೊನೆಯ ಗುರುತನ್ನು ತೆಗೆಯುವಾಗ ‘ಟ್ರಿಮ್’ ಬಳಸಬೇಡಿ. ಟ್ಯಾಬ್ ಕೂಡ ಅದರ ಪಾಲಿಗೆ ಬಿಳಿಜಾಗವೇ. ಕೊನೆಯ ಅಂಕಣ ಖಾಲಿ ಇರುವ ಸಾಲು ಬಂದರೆ ಅದರ ಹಿಂದಿನ ಟ್ಯಾಬ್ ಸಹ ಕಿತ್ತುಹೋಗಿ, ಆರು ಅಂಕಣದ ಸಾಲು ಐದಕ್ಕೆ ಇಳಿಯುತ್ತದೆ. ‘ಸ್ಟ್ರಿಪ್ ಸಫಿಕ್ಸ್’ ಮೂಲಕ ಮೊದಲು 10 ಬೆಲೆಯ ಬೈಟನ್ನು, ಆಮೇಲೆ 13 ಬೆಲೆಯ ಬೈಟ್ ಇದ್ದರೆ ಅದನ್ನು ತೆಗೆಯಿರಿ. ಕಡತದ ಕಟ್ಟಕಡೆಯ ಸಾಲಿಗೆ ಎರಡೂ ಇಲ್ಲದಿರಬಹುದು, ಅದಕ್ಕೂ ಕೋಡ್ ಸಿದ್ಧವಿರಲಿ.

ಬೈಟ್‌ಗಳ ಮಟ್ಟದಲ್ಲಿ ತುಂಡರಿಸಿ

ಬೈಟ್ ವೆಕ್ಟರ್ ಏಕೆ, ಸ್ಟ್ರಿಂಗ್ ಏಕಲ್ಲ ಎಂದು ಕೇಳಬಹುದು. ಸ್ಟ್ರಿಂಗ್‌ಗೆ ಓದಿದರೆ ಇಡೀ ಸಾಲು ಸರಿಯಾದ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಹೌದೇ ಎಂಬ ತಪಾಸಣೆ ಪ್ರತಿ ಸಲ ನಡೆಯುತ್ತದೆ. ನನಗೆ ಬೇಕಿರುವುದು ಆರರಲ್ಲಿ ಮೂರು ಅಂಕಣ. ಉಳಿದ ಮೂರಕ್ಕೆ ಆ ಶ್ರಮ ವ್ಯರ್ಥ. ಅದಕ್ಕಿಂತ ಮುಖ್ಯವಾಗಿ, ವಿಳಾಸದ ಅಂಕಣದಲ್ಲಿ ಒಂದು ಕೆಟ್ಟ ಬೈಟ್ ಇದ್ದರೂ ‘ರೀಡ್ ಲೈನ್’ ದೋಷ ಹಿಂದಿರುಗಿಸುತ್ತದೆ. ಲಾಗ್ ಕಡತಗಳಲ್ಲಿ ಕೆಟ್ಟ ಬೈಟ್‌ಗಳು ಇದ್ದೇ ಇರುತ್ತವೆ.

ಬೈಟ್‌ಗಳ ಮಟ್ಟದಲ್ಲಿ ಟ್ಯಾಬ್ ಹುಡುಕುವುದು ಸುರಕ್ಷಿತವೇ? ಖಂಡಿತ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8ರ ಅತ್ಯಂತ ಸೊಗಸಾದ ಗುಣ ಇದೇ ಎಂದು ನನ್ನ ಭಾವನೆ. ಒಂದಕ್ಕಿಂತ ಹೆಚ್ಚು ಬೈಟ್ ಬೇಡುವ ಯಾವ ಅಕ್ಷರದ ಒಳಗೂ 128ಕ್ಕಿಂತ ಕಡಿಮೆಯ ಬೈಟ್ ಇರುವುದಿಲ್ಲ. ‘ಕ’ ಎಂಬುದು 224, 178, 149 ಎಂಬ ಮೂರು ಬೈಟ್. ಟ್ಯಾಬ್‌ನ ಬೆಲೆ 9. ಯಾವ ಕನ್ನಡ ಅಕ್ಷರದ ಹೊಟ್ಟೆಯಲ್ಲೂ ಸುಳ್ಳು ಟ್ಯಾಬ್ ಅಡಗಿರಲು ಸಾಧ್ಯವಿಲ್ಲ. ಹಾಗಾಗಿ 9 ಬೆಲೆಯ ಬೈಟ್ ಸಿಕ್ಕ ಕಡೆಯೆಲ್ಲ ಕಣ್ಣುಮುಚ್ಚಿ ಕತ್ತರಿಸಬಹುದು. ಅಕ್ಷರಗಳಾಗಿ ಬಿಡಿಸುತ್ತಾ ಹೋಗುವ ‘ಚಾರ್ಸ್’ ಇಲ್ಲಿ ಬೇಡವೇ ಬೇಡ.

ತುಂಡುಗಳನ್ನು ವೆಕ್ಟರ್‌ಗೆ ತುಂಬಬೇಡಿ. ಇಟರೇಟರ್‌ನ ಮೇಲೆ ‘ನೆಕ್ಸ್ಟ್’ ಕರೆಯುತ್ತಾ ಬೇಡದ ಅಂಕಣ ದಾಟಿ, ಬೇಕಾದುದನ್ನು ಹಿಡಿದುಕೊಳ್ಳಿ. ಅಂಕಣಗಳನ್ನು ಸ್ಟ್ರಕ್ಟ್‌ನಲ್ಲಿ ಇಡಬೇಕಿದ್ದರೆ ಸ್ಟ್ರಿಂಗ್ ಬದಲು ಸ್ಲೈಸ್ ಇಟ್ಟು, ಸ್ಟ್ರಕ್ಟ್‌ಗೆ ಒಂದು ಲೈಫ್‌ಟೈಮ್ ಗುರುತು (ಆ ಉಲ್ಲೇಖ ಎಲ್ಲಿಯವರೆಗೆ ಸಿಂಧು ಎಂದು ಕಂಪೈಲರ್‌ಗೆ ಹೇಳುವುದು) ಕೊಡಿ. ನನ್ನ ಮೊದಲ ಪ್ರತಿಯ ಆರು ‘ಟು ಸ್ಟ್ರಿಂಗ್’ ಹುಟ್ಟಿದ್ದು ಇಲ್ಲಿಯೇ. ಲೈಫ್‌ಟೈಮ್ ದೂರು ಬಂದಾಗಲೆಲ್ಲ ಕಂಪೈಲರ್‌ನ ಬಾಯಿ ಮುಚ್ಚಿಸಲು ಒಂದೊಂದು ನಕಲು ಸೇರಿಸುತ್ತಾ ಹೋಗಿದ್ದೆ. ಆ ದೂರನ್ನು ಈಗ ನಾನು ಬೇರೆ ರೀತಿ ಓದುತ್ತೇನೆ. ಸ್ಲೈಸ್ ಇನ್ನೂ ಬಳಕೆಯಲ್ಲಿರುವಾಗ ಬಫರನ್ನು ‘ಕ್ಲಿಯರ್’ ಮಾಡಲು ಹೊರಟರೆ ಕಂಪೈಲರ್ ತಡೆಯುತ್ತದೆ. ಸಿ++ನ ‘ಸ್ಟ್ರಿಂಗ್ ವ್ಯೂ’ ಬಳಸಿ ಇದನ್ನೇ ಮಾಡಿದರೆ ಯಾರೂ ತಡೆಯುವುದಿಲ್ಲ. ಹಿಂದಿನ ಸಾಲಿನ ಹೆಸರೆಂದು ನೀವು ಇಟ್ಟುಕೊಂಡದ್ದು ಸದ್ದಿಲ್ಲದೆ ಮುಂದಿನ ಸಾಲಿನ ಬೈಟ್‌ಗಳನ್ನು ತೋರಿಸುತ್ತದೆ. ದೂರು ಬಂದರೆ ನಿಂತು ಕೇಳಿಕೊಳ್ಳಿ: ಈ ಅಂಕಣ ಮುಂದಿನ ಸಾಲಿನವರೆಗೂ ನಿಜವಾಗಿ ಬದುಕಿರಬೇಕೇ? ಹೌದಾದರೆ ಮಾತ್ರ ನಕಲು.

ಸಂಖ್ಯೆಯ ಅಂಕಣಗಳನ್ನು ‘ಫ್ರಮ್ ಯುಟಿಎಫ್-8’ ಮೂಲಕ ಸ್ಲೈಸ್ ಮಾಡಿ ‘ಪಾರ್ಸ್’ ಕರೆದರೆ ಸಾಕು, ಎರಡರಲ್ಲೂ ಅಲೊಕೇಶನ್ ಇಲ್ಲ. ಹತ್ತರಿಂದ ಗುಣಿಸಿ ಕೂಡಿಸುವ ಲೂಪನ್ನು ಕೈಯಿಂದ ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ಪ್ರೊಫೈಲರ್ ಅಲ್ಲಿಗೇ ಬೆರಳು ಮಾಡುವವರೆಗೆ ಬೇಡ. ಬರೆದರೂ ಉಕ್ಕಿಹರಿಯುವ ಸಂಖ್ಯೆಗಳನ್ನು ಹಿಡಿಯುವ ಗುಣಾಕಾರವನ್ನೇ ಬಳಸಿ. ‘ಫ್ರಮ್ ಯುಟಿಎಫ್-8 ಅನ್‌ಚೆಕ್ಡ್’ ಅಂತೂ ಹೊರಗಿನಿಂದ ಬಂದ ಕಡತಕ್ಕೆ ಎಂದೂ ಬೇಡ. ಕೆಟ್ಟ ಬೈಟ್ ಇರುವ ಸ್ಟ್ರ್ ಕೈಗೆ ಬಂದ ಮೇಲೆ ಪ್ರೋಗ್ರಾಂನ ನಡತೆಗೆ ಯಾರೂ ಜವಾಬ್ದಾರರಲ್ಲ.

ಹ್ಯಾಶ್ ಮ್ಯಾಪ್‌ನ ಕೀ

ಅತಿ ಹೆಚ್ಚು ಜನ ಎಡವುವ ಜಾಗ ಇದು, ಸ್ವಲ್ಪ ನಿಧಾನವಾಗಿ ನೋಡೋಣ. ಮ್ಯಾಪ್‌ನಲ್ಲಿ ಇದ್ದರೆ ಕೂಡಿಸು, ಇಲ್ಲದಿದ್ದರೆ ಸೇರಿಸು ಎಂಬುದಕ್ಕೆ ‘ಎಂಟ್ರಿ’ ಎಂಬ ಅಂದವಾದ ದಾರಿ ಇದೆ. ಆದರೆ ಅದು ಕೀಯ ಒಡೆತನವನ್ನು ಮೊದಲೇ ಕೇಳುತ್ತದೆ. ಕೀ ಮ್ಯಾಪ್‌ನಲ್ಲಿ ಈಗಾಗಲೇ ಇದ್ದರೂ ನೀವು ಹೊಸ ಸ್ಟ್ರಿಂಗ್ ಮಾಡಿ ಒಪ್ಪಿಸಬೇಕು. ಅದು ನೋಡಿ, ಎಸೆಯುತ್ತದೆ. ನೂರು ಕೀಗಳಿಗಾಗಿ ಹತ್ತು ಲಕ್ಷ ಸ್ಟ್ರಿಂಗ್ ಹುಟ್ಟಿ ಸಾಯುತ್ತವೆ.

ಬದಲಿಗೆ ಲೂಪ್‌ನ ಹೊರಗೆ ಕೀಗೆಂದೇ ಇನ್ನೊಂದು ಸ್ಟ್ರಿಂಗ್ ಇಟ್ಟುಕೊಳ್ಳಿ. ಪ್ರತಿ ಸುತ್ತಿನಲ್ಲೂ ಅದನ್ನು ಕ್ಲಿಯರ್ ಮಾಡಿ, ಸೇವೆಯ ಹೆಸರನ್ನು ‘ಪುಶ್ ಸ್ಟ್ರ್’ ಮಾಡಿ, ಒಂದು ಟ್ಯಾಬ್ ಹಾಕಿ, ಸ್ಟೇಟಸ್ ಸೇರಿಸಿ. ನಡುವೆ ಟ್ಯಾಬ್ ಇಟ್ಟದ್ದಕ್ಕೆ ಕಾರಣವಿದೆ: ಅಂಕಣಗಳನ್ನು ಬೇರ್ಪಡಿಸಿದ್ದೇ ಟ್ಯಾಬ್ ಆದ್ದರಿಂದ ಅದು ಅಂಕಣದ ಒಳಗೆ ಬರಲಾರದು, ಎರಡು ಬೇರೆ ಬೇರೆ ಜೋಡಿಗಳು ಒಂದೇ ಕೀ ಆಗುವ ಅಪಾಯ ಇಲ್ಲ. ಈಗ ‘ಗೆಟ್ ಮ್ಯೂಟ್’ ಮೂಲಕ ಹುಡುಕಿ. ಮ್ಯಾಪ್‌ನ ಕೀ ಸ್ಟ್ರಿಂಗ್ ಆಗಿದ್ದರೂ ಹುಡುಕಲು ಸ್ಲೈಸ್ ಕೊಟ್ಟರೆ ನಡೆಯುತ್ತದೆ. ‘ಬಾರೋ’ ಟ್ರೇಟ್ ಇರುವುದೇ ಅದಕ್ಕಾಗಿ. ಸಿಕ್ಕರೆ ಕೂಡಿಸಿ. ಸಿಗದಿದ್ದರೆ ಆಗ, ಆಗ ಮಾತ್ರ, ಕ್ಲೋನ್ ಮಾಡಿ ಸೇರಿಸಿ. ಹೊಸ ಕೀ ಬಂದಾಗ ಹ್ಯಾಶ್ ಎರಡು ಸಲ ಲೆಕ್ಕವಾಗುತ್ತದೆ ನಿಜ, ಆದರೆ ಅದು ಕೀಗೆ ಒಮ್ಮೆ ನಡೆಯುವ ಖರ್ಚು. ಹೆಸರು ಮತ್ತು ಸಂಖ್ಯೆಯ ಟ್ಯೂಪಲ್ (ಮೌಲ್ಯಗಳ ಜೋಡಿ) ಅನ್ನೇ ಕೀ ಮಾಡಬಹುದಲ್ಲ ಎಂದು ನಾನೂ ಮೊದಲು ಯತ್ನಿಸಿದೆ. ಟ್ಯೂಪಲ್‌ನೊಳಗೆ ಸ್ಟ್ರಿಂಗ್ ಇದ್ದರೆ, ಸ್ಲೈಸ್ ಇರುವ ಟ್ಯೂಪಲ್ ಕೊಟ್ಟು ಹುಡುಕಲು ‘ಬಾರೋ’ ಒಪ್ಪುವುದಿಲ್ಲ.

ಸಣ್ಣಕ್ಷರ ಮಾಡುವ ಕೆಲಸವೂ ಈ ಕೀ ಬಫರ್‌ನಲ್ಲೇ ಮುಗಿಯುತ್ತದೆ. ಸೇವೆಯ ಹೆಸರುಗಳು ಬರಿಯ ಆಸ್ಕಿ ಅಕ್ಷರಗಳಾದ್ದರಿಂದ (ತಲಾ ಒಂದೇ ಬೈಟ್‌ನ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳು) ‘ಮೇಕ್ ಆಸ್ಕಿ ಲೋವರ್‌ಕೇಸ್’ ಇದ್ದಲ್ಲೇ ತಿದ್ದುತ್ತದೆ. ‘ಟು ಲೋವರ್‌ಕೇಸ್’ ಏಕೆ ಇದ್ದಲ್ಲೇ ತಿದ್ದುವುದಿಲ್ಲ ಎಂದರೆ, ಯುನಿಕೋಡ್‌ನಲ್ಲಿ ಅಕ್ಷರದ ಉದ್ದವೇ ಬದಲಾಗಬಹುದು. ತುರ್ಕಿ ಭಾಷೆಯ ಚುಕ್ಕೆಯುಳ್ಳ ದೊಡ್ಡ ‘ಐ’ 2 ಬೈಟ್. ಅದರ ಸಣ್ಣ ರೂಪ 3 ಬೈಟ್. ಬರೀ ಹೋಲಿಕೆ ಸಾಕಾದರೆ ‘ಈಕ್ವಲ್ ಇಗ್ನೋರ್ ಆಸ್ಕಿ ಕೇಸ್’ ಇದೆ, ಅದು ಏನನ್ನೂ ಬದಲಿಸುವುದಿಲ್ಲ.

ಹೊರಗೆ ಬರೆಯುವಾಗ

ಪ್ರತಿ ‘ಪ್ರಿಂಟ್‌ಲೈನ್’ ಕರೆಯೂ ಔಟ್‌ಪುಟ್‌ಗೆ ಬೀಗ ಹಾಕಿ ತೆಗೆಯುತ್ತದೆ, ಸಾಲು ಮುಗಿದಾಗಲೆಲ್ಲ ಹೊರಗೆ ತಳ್ಳುತ್ತದೆ. ಔಟ್‌ಪುಟ್ ಅನ್ನು ಒಮ್ಮೆ ಲಾಕ್ ಮಾಡಿ ‘ಬಫ್ ರೈಟರ್’ ಒಳಗಿಟ್ಟು ‘ರೈಟ್’ ಮ್ಯಾಕ್ರೋ ಬಳಸಿ. ಕೊನೆಯಲ್ಲಿ ‘ಫ್ಲಶ್’ ಅನ್ನು ನೀವೇ ಕರೆದು ಫಲಿತಾಂಶ ನೋಡಿ. ಹಾಗೇ ಬಿಟ್ಟರೂ ಬಫರ್ ಖಾಲಿಯಾಗುತ್ತದೆ, ಆದರೆ ಆಗ ಡಿಸ್ಕ್ ತುಂಬಿದ್ದರೂ ದೋಷ ಕೇಳುವವರಿರುವುದಿಲ್ಲ.

ವಿಶೇಷ ಅಕ್ಷರಗಳಿಗೆ ಮುಂದೆ ಓರೆಗೆರೆ ಹಾಕುವಂಥ ಫಂಕ್ಷನ್‌ಗಳಿಗೆ ‘ಕೌ’ ಟೈಪ್ ಬಳಸಿ ಎಂದು ಹಲವರು ಹೇಳುತ್ತಾರೆ: ಬದಲಿಸುವುದಿಲ್ಲದಿದ್ದರೆ ಬಂದ ಸ್ಲೈಸನ್ನೇ ಹಿಂದಿರುಗಿಸು, ಇದ್ದರೆ ಮಾತ್ರ ಹೊಸ ಸ್ಟ್ರಿಂಗ್. ಒಳ್ಳೆಯದೇ. ನನಗೆ ಇನ್ನೂ ಹಿಡಿಸುವುದು, ಕರೆಯುವವರೇ ಬಫರ್ ಕೊಟ್ಟು ಫಂಕ್ಷನ್ ಅದರ ಕೊನೆಗೆ ಬರೆಯುವ ರೀತಿ. ಆಗ ಬದಲಾವಣೆ ಇದ್ದರೂ ಹೊಸ ಅಲೊಕೇಶನ್ ಇಲ್ಲ. ಬರೆಯುವಾಗ ಒಂದೊಂದೇ ಅಕ್ಷರ ತಳ್ಳಬೇಡಿ. ಮುಂದಿನ ವಿಶೇಷ ಬೈಟ್ ಎಲ್ಲಿದೆ ಎಂದು ಹುಡುಕಿ, ಅಲ್ಲಿಯವರೆಗಿನದನ್ನು ಒಂದೇ ಏಟಿಗೆ ‘ಪುಶ್ ಸ್ಟ್ರ್’ ಮಾಡಿ.

ಕತ್ತರಿಸುವಾಗ ಕನ್ನಡ

ವರದಿಯಲ್ಲಿ ಉದ್ದ ಹೆಸರುಗಳನ್ನು ಇಂತಿಷ್ಟು ಬೈಟ್‌ಗೆ ಮೊಟಕುಗೊಳಿಸಬೇಕಾಯಿತು. ಅಕ್ಷರದ ನಡುವೆ ಸ್ಲೈಸ್ ಮಾಡಿದರೆ ರಸ್ಟ್ ಪ್ಯಾನಿಕ್ ಆಗುತ್ತದೆ, ಅಂದರೆ ಪ್ರೋಗ್ರಾಂ ದೋಷ ತೋರಿಸಿ ನಿಲ್ಲುತ್ತದೆ. ‘ಈಸ್ ಚಾರ್ ಬೌಂಡರಿ’ ಹೌದೆನ್ನುವವರೆಗೆ ಹಿಂದೆ ಸರಿಯಬೇಕು. ಕನ್ನಡಕ್ಕೆ ಅಷ್ಟು ಸಾಲದು. ‘ಕನ್ನಡ’ ಎಂಬ ಪದ ಓದುವವರಿಗೆ ಮೂರು ಅಕ್ಷರ, ಯುನಿಕೋಡ್‌ಗೆ ಐದು: ಕ, ನ, ವಿರಾಮ (ಒತ್ತಕ್ಷರ ಮಾಡುವ ‘್’ ಚಿಹ್ನೆ), ನ, ಡ. ತಲಾ 3ರಂತೆ 15 ಬೈಟ್. 6ನೇ ಬೈಟ್‌ಗೆ ಕತ್ತರಿಸಿದರೆ ಗಡಿ ಸರಿಯಾಗಿದೆ ಎಂದೇ ಉತ್ತರ ಬರುತ್ತದೆ, ಉಳಿಯುವುದು ‘ಕನ’. 9ಕ್ಕೆ ಕತ್ತರಿಸಿದರೆ ‘ಕನ್’. ಎರಡೂ ಸಿಂಧು, ಎರಡೂ ತಪ್ಪು. ನಾನು ಹಾಕಿಕೊಂಡ ನಿಯಮ ಇದು: ಕತ್ತರಿಯ ಬಲಕ್ಕಿರುವುದು ವಿರಾಮವೋ ಸ್ವರಚಿಹ್ನೆಯೋ ಅನುಸ್ವಾರ, ವಿಸರ್ಗವೋ ಆಗಿದ್ದರೆ, ಇಲ್ಲವೇ ಎಡಕ್ಕಿರುವುದು ವಿರಾಮವಾಗಿದ್ದರೆ, ಇನ್ನೂ ಒಂದು ಹೆಜ್ಜೆ ಹಿಂದೆ. ಇದಕ್ಕೂ ಅಲೊಕೇಶನ್ ಬೇಡ, ಸ್ಲೈಸ್‌ನ ಉದ್ದ ಕಡಿಮೆಯಾಗುತ್ತದೆ ಅಷ್ಟೇ.

ಇಟ್ಟುಕೊಳ್ಳಲೇಬೇಕಾದಾಗ

ಕೆಲವು ಕೆಲಸಗಳಲ್ಲಿ ಲಕ್ಷಾಂತರ ಪುಟ್ಟ ಸ್ಟ್ರಿಂಗ್‌ಗಳನ್ನು ಕೊನೆಯವರೆಗೂ ಇಟ್ಟುಕೊಳ್ಳಬೇಕು. ಆಗ ಒಂದೇ ದೊಡ್ಡ ಸ್ಟ್ರಿಂಗ್‌ಗೆ ಎಲ್ಲವನ್ನೂ ಒಂದರ ಹಿಂದೆ ಒಂದು ಸೇರಿಸಿ, ಪ್ರತಿಯೊಂದಕ್ಕೂ ಆರಂಭ ಮತ್ತು ಉದ್ದ ಎಂಬ ಎರಡು 32 ಬಿಟ್ ಸಂಖ್ಯೆ ಇಡಿ. ಲೆಕ್ಕ ಹಾಕಿ ನೋಡಿ. ಐದು ಬೈಟ್‌ನ ಹೆಸರಿಗೆ ಬಿಡಿ ಸ್ಟ್ರಿಂಗ್ ಆದರೆ 24 ಬೈಟ್, ಜೊತೆಗೆ ಹೀಪ್‌ನಲ್ಲಿ ಒಂದು ತುಂಡು. 64 ಬಿಟ್ ಲಿನಕ್ಸ್‌ನ ಜಿಲಿಬ್‌ಸಿ (ಅಲ್ಲಿನ ಮೂಲ ಸಿ ಗ್ರಂಥಾಲಯ) ಕೊಡುವ ಅತಿ ಸಣ್ಣ ತುಂಡು 32 ಬೈಟ್. ಒಟ್ಟು 56. ಒಟ್ಟುಗೂಡಿಸಿದ ರೀತಿಯಲ್ಲಿ 8 ಮತ್ತು 5, ಹದಿಮೂರು. ಅಕ್ಕಪಕ್ಕದಲ್ಲೇ ಇರುವುದರಿಂದ ಕ್ಯಾಶ್‌ಗೂ (ಪ್ರೊಸೆಸರ್ ಬಳಿಯ ವೇಗದ ಪುಟ್ಟ ಮೆಮೊರಿಗೂ) ಹಿತ. ಒಟ್ಟು ಪಠ್ಯ 4 ಜಿಬಿ ದಾಟಬಾರದು ಎಂಬುದೊಂದೇ ಮಿತಿ.

ಮತ್ತೆ ಹಳೆಯ ದಾರಿಗೆ ಜಾರದಂತೆ

ಇಷ್ಟು ತಿದ್ದಿದ ಮೇಲೆ ನನ್ನ ಲೂಪ್ ಸಾಲಿಗೆ ಹನ್ನೊಂದರಿಂದ ಸೊನ್ನೆಗೆ ಬಂತು. ಬಫರ್‌ಗಳು ಬೆಳೆದು ನಿಂತ ಮೇಲೆ ಉಳಿಯುವುದು ಹೊಸ ಕೀ ಬಂದಾಗಿನ ಒಂದು ಅಲೊಕೇಶನ್, ಅಪರೂಪಕ್ಕೆ ಮ್ಯಾಪ್ ಹಿಗ್ಗುವಾಗಿನದು ಒಂದು. ಇದನ್ನು ಪರೀಕ್ಷೆಯಾಗಿ ಬರೆದಿಡಿ: ಮೊದಲು ಒಂದಷ್ಟು ಸಾಲು ಓಡಿಸಿ, ಎಣಿಕೆ ಗುರುತು ಹಾಕಿಕೊಂಡು, ಅವೇ ಸಾಲುಗಳನ್ನು ಸಾವಿರ ಸಲ ಓಡಿಸಿ, ಎಣಿಕೆ ಏರಿಲ್ಲ ಎಂದು ಖಚಿತಪಡಿಸಿ. ರಸ್ಟ್ ಪರೀಕ್ಷೆಗಳನ್ನು ಹಲವು ಥ್ರೆಡ್‌ಗಳಲ್ಲಿ (ಒಂದೇ ಪ್ರೋಗ್ರಾಂನ ಸಮಾನಾಂತರ ಓಟಗಳಲ್ಲಿ) ಒಟ್ಟಿಗೆ ಓಡಿಸುತ್ತದೆ, ಪಕ್ಕದ ಪರೀಕ್ಷೆಯ ಅಲೊಕೇಶನ್ ನಿಮ್ಮ ಲೆಕ್ಕಕ್ಕೆ ಬೀಳುತ್ತದೆ. ಆದ್ದರಿಂದ ಇದೊಂದೇ ಪರೀಕ್ಷೆ ಇರುವ ಪ್ರತ್ಯೇಕ ಕಡತ ಮಾಡಿ. ತಿಂಗಳುಗಳ ನಂತರ ಯಾರೋ ಅವಸರದಲ್ಲಿ ಒಂದು ‘ಟು ಸ್ಟ್ರಿಂಗ್’ ಸೇರಿಸಿದ ದಿನ ಅದು ಕೆಂಪಾಗುತ್ತದೆ.

ಒಂದೇ ಬಫರ್ ಇಟ್ಟುಕೊಳ್ಳುವುದಕ್ಕೆ ತೆರಬೇಕಾದ ಬೆಲೆಯೂ ಇದೆ. ಕೆಟ್ಟುಹೋದ ಕಡತದಲ್ಲಿ ಹೊಸ ಸಾಲಿನ ಗುರುತೇ ಇಲ್ಲದೆ ಇನ್ನೂರು ಎಂಬಿ ಒಂದೇ ಸಾಲಾಗಿ ಬಂದರೆ, ಬಫರ್ ಅಷ್ಟಕ್ಕೂ ಉಬ್ಬಿ ಪ್ರೋಗ್ರಾಂ ಮುಗಿಯುವವರೆಗೆ ಹಾಗೇ ಕುಳಿತಿರುತ್ತದೆ. ಓದುವ ಮೊದಲು ‘ಟೇಕ್’ ಹಾಕಿ ಒಂದು ಸಾಲಿಗೆ ಗರಿಷ್ಠ ಮಿತಿ ಇಡಿ. ನನ್ನದು 1 ಎಂಬಿ. ಮಿತಿ ಮೀರಿದ ಸಾಲನ್ನು ಕೆಟ್ಟ ಸಾಲೆಂದು ಎಣಿಸಿ, ಮುಂದಿನ 10 ಬೆಲೆಯ ಬೈಟ್ ಸಿಗುವವರೆಗೆ ಬಂದುದನ್ನೆಲ್ಲ ಬಿಸಾಡಿ, ಅಲ್ಲಿಂದ ಮುಂದುವರಿಯಿರಿ.